ಕಪ್ಪಿನೊಳಗಿನ ಬಣ್ಣ

ಪಡಸಾಲೆಯ ಗೋಡೆಯ ಮೇಲೆ ಐವತ್ತು ವರ್ಷ ತೂಗಿದ ಅಜ್ಜನ ಭಾವಚಿತ್ರಕ್ಕೆ ಒಂದು ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಮನೆಯವರು ಕಟ್ಟು ಬಿಚ್ಚಿಸಿ, ಚಿತ್ರವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಪೇಟೆಯ ಸ್ಟುಡಿಯೋಗೆ ಒಯ್ಯುತ್ತಾರೆ. ಅಲ್ಲಿ ಅದನ್ನು ಸ್ಕ್ಯಾನ್ ಮಾಡಿ, ಕಲೆಗಳನ್ನು ಅಳಿಸಿ, ಇಂಕ್‌ಜೆಟ್ ಪ್ರಿಂಟರಿನಲ್ಲಿ ಹೊಸ ಪ್ರತಿ ತೆಗೆದುಕೊಡುತ್ತಾರೆ. ಅಂಗಡಿಯ ದೀಪದ ಕೆಳಗೆ ಅದು ಚೆನ್ನಾಗಿಯೇ ಕಾಣುತ್ತದೆ. ಮನೆಗೆ ತಂದು ಕಿಟಕಿಯ ಬಳಿ ಹಿಡಿದರೆ ಅಜ್ಜನ ಕೆನ್ನೆಗೆ ಹಸಿರು ಬಡಿದಿದೆ. ಸಂಜೆ ಹಳದಿ ಬಲ್ಬು ಹಾಕಿದಾಗ ಅದೇ ಕೆನ್ನೆ ನಸುಗೆಂಪಾಗಿದೆ. ಕಣ್ಣು, ಮೂಗು, ಮೀಸೆ, ಕೋಟಿನ ಗುಂಡಿ ಎಲ್ಲವೂ ಇದ್ದಲ್ಲೇ ಇವೆ. ಹಳೆಯ ಪ್ರತಿಯಲ್ಲಿ ಮಂಕಾಗಿದ್ದ ಪೇಟದ ಜರಿಯೂ ಈಗ ಎದ್ದು ಕಾಣುತ್ತಿದೆ. ಆದರೂ ಅಜ್ಜಿ ಅದನ್ನು ನೋಡಿ, ಇದು ಅವರ ಹಾಗಿಲ್ಲ ಎಂದುಬಿಡುತ್ತಾಳೆ.

ಇದನ್ನು ವಯಸ್ಸಾದವರ ಮೊಂಡುತನವೆಂದು ತಳ್ಳಿಹಾಕುವಂತಿಲ್ಲ. ಅಜ್ಜಿಯ ಕಣ್ಣು ಹಿಡಿದದ್ದು ನಿಜವಾದ ವ್ಯತ್ಯಾಸವನ್ನೇ. ಕಪ್ಪು ಬಿಳುಪು ಎಂದು ಕರೆಯುವ ಚಿತ್ರದಲ್ಲಿ ಬಣ್ಣವಿಲ್ಲ ಎಂಬುದು ಮಾತಿನ ರೂಢಿ ಮಾತ್ರ. ಕಾಗದದ ಮೇಲಿನ ಯಾವ ಕಪ್ಪೂ ಬರಿಯ ಕಪ್ಪಲ್ಲ. ಅದು ಕಂದಿಗೋ ನೀಲಿಗೋ ನೇರಳೆಗೋ ಒಂದೆಳೆಯಷ್ಟು ವಾಲಿಯೇ ಇರುತ್ತದೆ. ಕೆಂಪು ಹೂವಿನ ಚಿತ್ರದಲ್ಲಿ ಕೆಂಪು ಸ್ವಲ್ಪ ಹೆಚ್ಚು ಕಡಿಮೆಯಾದರೆ ನೋಡುಗನಿಗೆ ತಿಳಿಯುವುದೇ ಇಲ್ಲ. ಬೂದು ಬಣ್ಣದಲ್ಲಿ ಅಷ್ಟೇ ಪ್ರಮಾಣದ ಏರುಪೇರಾದರೆ ಥಟ್ಟನೆ ತಿಳಿಯುತ್ತದೆ. ಹತ್ತು ವಾದ್ಯಗಳ ಗದ್ದಲದಲ್ಲಿ ಒಂದು ಅಪಸ್ವರ ಮುಚ್ಚಿಹೋಗಬಹುದು, ಒಂಟಿ ತಂಬೂರಿಯ ಶ್ರುತಿ ಕೂಡದಿದ್ದರೆ ಸಂಗೀತ ಬಾರದವನಿಗೂ ಇರುಸುಮುರುಸಾಗುತ್ತದೆ. ಬೂದು ಬಣ್ಣದ ಪಾಡು ತಂಬೂರಿಯದು.

ಹಾಗಾಗಿ ಕಪ್ಪುಬಿಳುಪಿನ ಚಿತ್ರವನ್ನು ಅಚ್ಚುಹಾಕುವವನ ಮುಂದೆ ಎರಡು ಕೆಲಸಗಳಿರುತ್ತವೆ. ಒಂದು, ಬಣ್ಣದ ಎಳೆಯನ್ನು ಹಿಡಿತದಲ್ಲಿಡುವುದು. ಅಂದರೆ ಈ ಕಪ್ಪು ಯಾವ ಕಡೆಗೆ ವಾಲಬೇಕು, ಎಷ್ಟು ವಾಲಬೇಕು ಎಂಬ ನಿರ್ಧಾರ. ಇನ್ನೊಂದು, ಕಡುಗಪ್ಪಿನಿಂದ ಅಚ್ಚಬಿಳುಪಿನವರೆಗಿನ ಬೆಳಕಿನ ಮೆಟ್ಟಿಲುಗಳನ್ನು ಒಂದೂ ಕುಸಿಯದಂತೆ ಕಟ್ಟುವುದು. ಹಿಂದೆ ಕತ್ತಲೆಕೋಣೆಯಲ್ಲಿ ಈ ಎರಡನ್ನೂ ಬಹುಪಾಲು ಬೆಳ್ಳಿಯೇ ನೋಡಿಕೊಳ್ಳುತ್ತಿತ್ತು. ಈಗ ಶಾಯಿಯಿಂದ ಆ ಕೆಲಸ ಮಾಡಿಸಬೇಕಾಗಿದೆ, ಮತ್ತು ಶಾಯಿಗೆ ಬೆಳ್ಳಿಯ ಸಂಸ್ಕಾರವಿಲ್ಲ.

ಬೆಳ್ಳಿಯ ಸಂಗತಿಯನ್ನು ಮೊದಲು ನೋಡಬೇಕು. ಮತದಾನದ ದಿನ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ಎಲ್ಲರೂ ಬಲ್ಲರು. 1962ರ ಮಹಾಚುನಾವಣೆಯಿಂದ ಅದನ್ನು ತಯಾರಿಸುತ್ತಿರುವುದು ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆ, ಇಂದಿನ ಮೈಸೂರ್ ಪೇಂಟ್ಸ್ ಅಂಡ್ ವಾರ್ನಿಷ್. ಅದರೊಳಗಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಡನೆ ಕೂಡಿ, ಬೆಳಕು ಬಿದ್ದಂತೆಲ್ಲ ಕಪ್ಪಾಗುತ್ತದೆ. ಹಚ್ಚಿದಾಗ ನೇರಳೆ, ಆಮೇಲೆ ಕಂದು, ಮರುದಿನ ಕಂದುಗಪ್ಪು. ಬೆರಳ ತುದಿಯಲ್ಲಿ ನಡೆಯುವುದು ಛಾಯಾಗ್ರಹಣದ ಮೊದಲ ಪಾಠವೇ. ಬೆಳ್ಳಿಯ ಲವಣದಿಂದ ಬಿಡುಗಡೆಯಾದ ಬೆಳ್ಳಿಯ ಕಣ ತೀರ ಸಣ್ಣದಿದ್ದರೆ ಕಂದಾಗಿಯೂ, ದೊಡ್ಡದಾಗಿ ನೂಲಿನುಂಡೆಯಂತೆ ಸುರುಳಿಗಟ್ಟಿದರೆ ಕಪ್ಪಾಗಿಯೂ ಕಾಣುತ್ತದೆ. ಲೋಹ ಒಂದೇ, ಕಣದ ಗಾತ್ರಕ್ಕೆ ತಕ್ಕಂತೆ ಬಣ್ಣ ಬೇರೆ.

1854ರ ಡಿಸೆಂಬರಿನಲ್ಲಿ ಲಿನೆಯಸ್ ಟ್ರೈಪ್ ಎಂಬ ಸೇನಾಧಿಕಾರಿಯೂ ವೈದ್ಯನಾಗಿದ್ದ ಆಂಡ್ರೂ ನೀಲ್ ಎಂಬವನೂ ಹಳೇಬೀಡು, ಬೇಲೂರುಗಳ ಗುಡಿಗಳನ್ನು ಕ್ಯಾಮೆರಾದಲ್ಲಿ ಹಿಡಿದರು. ಮೇಣ ಹಚ್ಚಿದ ಕಾಗದವೇ ಅವರ ನೆಗೆಟಿವ್. ಆ ಕಾಲದ ಉಪ್ಪುಕಾಗದದ ಪ್ರತಿಗಳು ಕೆಂಗಂದು, ನೇರಳೆಗಂದು ಬಣ್ಣದವು. ಬೆಳಕಿನಲ್ಲೇ ನೇರವಾಗಿ ಮೂಡಿದ ಬೆಳ್ಳಿಯ ಕಣ ಅತಿ ಸಣ್ಣದು ಎಂಬುದೇ ಅದಕ್ಕೆ ಕಾರಣ, ಛಾಯಾಗ್ರಾಹಕನ ಅಭಿರುಚಿಯಲ್ಲ. ಮುಂದೆ ಡೆವಲಪರಿನಲ್ಲಿ ಅದ್ದಿ ಚಿತ್ರ ಮೂಡಿಸುವ ಕಾಗದಗಳು ಬಂದವು. ಬೆಳ್ಳಿಯ ಕ್ಲೋರೈಡು ಹೆಚ್ಚಿದ್ದ ಕಾಗದ ಬೆಚ್ಚಗಿನ ಕಂದುಗಪ್ಪನ್ನು ಕೊಟ್ಟರೆ, ಬ್ರೋಮೈಡು ಕಾಗದ ತಣ್ಣನೆಯ ಕಪ್ಪನ್ನು ಕೊಡುತ್ತಿತ್ತು. ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲಂಸ್ ಕಾರ್ಖಾನೆಯ 'ಇಂದು' ಕಾಗದದ ಮೇಲೆ ನಮ್ಮ ಕಡೆಯ ಎಷ್ಟೋ ಮದುವೆ, ನಾಮಕರಣ, ಶಾಲಾ ವಾರ್ಷಿಕೋತ್ಸವಗಳು ಉಳಿದುಕೊಂಡಿವೆ. ಆ ಕಾರ್ಖಾನೆ ಈಗ ಮುಚ್ಚಿದೆ.

ಬೆಳ್ಳಿಯ ಕಪ್ಪು ಸಾಲದೆಂದವರು ಟೋನಿಂಗ್ ಮಾಡುತ್ತಿದ್ದರು. ಚಿನ್ನದ ಲವಣದಲ್ಲಿ ಅದ್ದಿದರೆ ಕಪ್ಪು ನೀಲಿಗೆ ತಿರುಗುತ್ತಿತ್ತು. ಅಮೆರಿಕದ ಆನ್ಸೆಲ್ ಆಡಮ್ಸ್ ತನ್ನ ಪ್ರತಿಗಳಿಗೆ ಸೆಲೀನಿಯಂ ಕೊಡುತ್ತಿದ್ದ. ಅದರಿಂದ ನಸುನೇರಳೆಯ ಗಾಂಭೀರ್ಯವೂ ಕಡುಗಪ್ಪಿನ ಆಳವೂ ಬರುತ್ತಿದ್ದವು. ಎಲ್ಲಕ್ಕಿಂತ ಜನಪ್ರಿಯವಾದದ್ದು ಸೆಪಿಯ. ಹೆಸರು ಸಮುದ್ರದ ಸೆಪಿಯ ಎಂಬ ಜೀವಿಯ ಕಂದು ಮಸಿಯಿಂದ ಬಂದದ್ದಾದರೂ, ಸ್ಟುಡಿಯೋಗಳಲ್ಲಿ ಅದು ಸಲ್ಫೈಡು ದ್ರಾವಣದ ಕೆಲಸ. ಕೊಳೆತ ಮೊಟ್ಟೆಯ ನಾತ ಬೀದಿಯವರೆಗೂ ಹೊಡೆಯುತ್ತಿತ್ತು. ಆ ನಾತಕ್ಕೊಂದು ಪ್ರಯೋಜನವೂ ಇತ್ತು. ಬೆಳ್ಳಿಯು ಬೆಳ್ಳಿಯ ಸಲ್ಫೈಡ್ ಆಗಿ ಮಾರ್ಪಟ್ಟರೆ ಗಾಳಿ, ತೇವಗಳಿಗೆ ಸುಲಭವಾಗಿ ಜಗ್ಗುವುದಿಲ್ಲ. ಕಂದು ಬಣ್ಣ ಕಣ್ಣಿಗೆ ಹಿತ ಎಂಬುದರ ಜತೆಗೆ, ಚಿತ್ರಕ್ಕೆ ಆಯುಸ್ಸು ಎಂಬ ಲೆಕ್ಕವೂ ಅದರಲ್ಲಿ ಸೇರಿತ್ತು.

ಇಂಕ್‌ಜೆಟ್ ಯಂತ್ರಕ್ಕೆ ಬಂದರೆ ಕಥೆಯೇ ಬೇರೆ. ಕತ್ತಲೆಕೋಣೆಯಲ್ಲಿ ಕಾಗದದ ಮೇಲೆ ಎಲ್ಲಿ ಎಷ್ಟು ಬೆಳ್ಳಿ ಉಳಿಯಿತೋ ಅಲ್ಲಿ ಅಷ್ಟು ಕಪ್ಪು. ತೆಳುವಾದ ಬೂದು ಬೇಕಾದಲ್ಲಿ ಬೆಳ್ಳಿಯ ಪದರವೇ ತೆಳು. ಶಾಯಿಯ ಯಂತ್ರಕ್ಕೆ ಈ ಸೌಲಭ್ಯವಿಲ್ಲ. ಅದು ಹನಿಯನ್ನು ಹಾರಿಸಬಲ್ಲದು, ಇಲ್ಲವೆ ಸುಮ್ಮನಿರಬಲ್ಲದು. ಒಳ್ಳೆಯ ಪ್ರಿಂಟರಿನ ಹನಿ ಮೂರು ನಾಲ್ಕು ಪಿಕೊಲೀಟರ್‌ಗಳಷ್ಟಿರುತ್ತದೆ. ಪಿಕೊಲೀಟರ್ ಎಂದರೆ ಒಂದು ಲೀಟರಿನ ಲಕ್ಷ ಕೋಟಿ ಪಾಲಿನಲ್ಲಿ ಒಂದು ಪಾಲು. ಇಷ್ಟು ಸಣ್ಣ ಹನಿಯಾದರೂ ಕಪ್ಪು ಶಾಯಿಯ ಹನಿ ಕಪ್ಪೇ. ತಿಳಿಬೂದು ಬೇಕೆಂದರೆ ಹನಿಗಳನ್ನು ದೂರದೂರ ಚೆಲ್ಲಿ, ನಡುವಿನ ಬಿಳಿ ಕಾಗದವನ್ನೂ ಕಪ್ಪನ್ನೂ ಕಣ್ಣು ತಾನೇ ಬೆರೆಸಿಕೊಳ್ಳಲಿ ಎಂದು ಬಿಡಬೇಕು. ದಿನಪತ್ರಿಕೆಯ ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿದರೆ ಕಾಣುವುದೂ ಇದೇ ಉಪಾಯ. ಆದರೆ ಭಾವಚಿತ್ರದ ಹಣೆ, ನರೆತ ಕೂದಲು, ಬಿಳಿಯ ಪಂಚೆ ಇಂಥ ಕಡೆ ಹನಿಗಳು ತೀರ ವಿರಳವಾಗಿ, ಮುಖಕ್ಕೆ ಮೆಣಸಿನಪುಡಿ ಚೆಲ್ಲಿದ ಹಾಗೆ ಕಾಣುತ್ತವೆ.

ಇದನ್ನು ತಪ್ಪಿಸಲು ಯಂತ್ರ ತಯಾರಕರು ಹಿಡಿದ ದಾರಿ, ಬೂದನ್ನು ಬಣ್ಣಗಳಿಂದಲೇ ಕಟ್ಟುವುದು. ಸಯಾನ್ ಎಂಬ ತಿಳಿನೀಲಿ, ಮೆಜೆಂಟಾ ಎಂಬ ಗುಲಾಬಿಗೆಂಪು, ಹಳದಿ ಈ ಮೂರನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿದರೆ ಬೂದು ಬರುತ್ತದೆ. ಇವು ತಿಳಿಯಾದ ಬಣ್ಣಗಳಾದ್ದರಿಂದ ಹನಿ ಕಣ್ಣಿಗೆ ಹೊಡೆಯುವುದಿಲ್ಲ. ನಾಲ್ಕೇ ಶಾಯಿಯ ಸಾಮಾನ್ಯ ಮನೆಯ ಯಂತ್ರಗಳಲ್ಲಿ ಹಲವು, ಹೊಳಪು ಕಾಗದ ಹಾಕಿದಾಗ ಕಪ್ಪು ಶಾಯಿಯನ್ನು ಮುಟ್ಟುವುದೇ ಇಲ್ಲ. ಅಜ್ಜನ ಕರಿಯ ಕೋಟಿನಲ್ಲಿ ಒಂದು ತೊಟ್ಟು ಕಪ್ಪೂ ಇಲ್ಲದೆ, ಇರುವುದೆಲ್ಲ ನೀಲಿ, ಕೆಂಪು, ಹಳದಿಗಳ ಒಡಂಬಡಿಕೆಯಾಗಿರುತ್ತದೆ.

ಒಡಂಬಡಿಕೆಯಲ್ಲಿ ಒಬ್ಬರು ತುಸು ಹಿಂದೆ ಬಿದ್ದರೂ ಸಾಕು. ಮೆಜೆಂಟಾದ ರಂಧ್ರವೊಂದು ಅರ್ಧ ಕಟ್ಟಿಕೊಂಡರೆ ಬೂದು ಹಸಿರಾಗುತ್ತದೆ. ಹಳದಿ ಕಡಿಮೆಯಾದರೆ ನೀಲಿ, ಸಯಾನ್ ಕಡಿಮೆಯಾದರೆ ಕೆಂಪು. ಅಚ್ಚಾದ ದಿನ ಸರಿಯಿದ್ದರೂ ಮುಂದೆ ಸರಿಯಿರುವ ಭರವಸೆಯಿಲ್ಲ, ಏಕೆಂದರೆ ಮೂರು ಬಣ್ಣಗಳೂ ಒಂದೇ ವೇಗದಲ್ಲಿ ಮಾಸುವುದಿಲ್ಲ. ಬಣ್ಣದ ಚಿತ್ರ ಮಾಸಿದರೆ ಒಟ್ಟಿನಲ್ಲಿ ಮಂಕಾಯಿತು ಎಂದು ಸಮಾಧಾನಪಟ್ಟುಕೊಳ್ಳಬಹುದು. ಹೀಗೆ ಕಟ್ಟಿದ ಕಪ್ಪುಬಿಳುಪಿನ ಚಿತ್ರ ಮಾಸಿದರೆ ಅಜ್ಜನಿಗೆ ಕಾಮಾಲೆಯೋ ವಿಷಪ್ರಾಶನವೋ ಆದಂತೆ ತೋರುತ್ತದೆ.

ಕಿಟಕಿಯ ಬಳಿ ಹಸಿರು, ಬಲ್ಬಿನ ಕೆಳಗೆ ಕೆಂಪು ಆದದ್ದಕ್ಕೆ ಕಾರಣವೂ ಇದೇ ಬೆರಕೆ. ಬೂದು ಎಂಬುದು ಕಣ್ಣಿನ ತೀರ್ಮಾನ. ಎರಡು ವಸ್ತುಗಳು ಒಂದು ಬೆಳಕಿನಲ್ಲಿ ಒಂದೇ ಬೂದಾಗಿ ಕಂಡು, ಇನ್ನೊಂದು ಬೆಳಕಿನಲ್ಲಿ ಬೇರೆ ಬೇರೆಯಾಗಿ ಕಾಣಬಹುದು. ಇದಕ್ಕೆ ಮೆಟಮೆರಿಸಂ ಎಂಬ ಹೆಸರಿದೆ. ಅಂಗಡಿಯಲ್ಲಿ ಸೀರೆಗೆ ಸರಿಹೊಂದುವ ರವಿಕೆ ಬಟ್ಟೆ ಆರಿಸಿ, ಬಿಸಿಲಿಗೆ ಬಂದು ನೋಡಿ ಕೈಹೊಸಕಿಕೊಂಡವರಿಗೆಲ್ಲ ಇದರ ಅನುಭವವಿದೆ. ಬೆಳ್ಳಿಯ ಅಥವಾ ಇಂಗಾಲದ ಕಪ್ಪು, ಬೆಳಕಿನ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮವಾಗಿ ನುಂಗುತ್ತದೆ. ಬೆಳಕು ಬದಲಾದರೂ ಅದರ ಬೂದು ಅಷ್ಟಾಗಿ ಬದಲಾಗುವುದಿಲ್ಲ. ಮೂರು ಬಣ್ಣಗಳಿಂದ ಕಟ್ಟಿದ ಬೂದು ಹಾಗಲ್ಲ. ಅದು ಬೆಳಕಿನಲ್ಲಿ ಅಲ್ಲಲ್ಲಿ ಗುಂಡಿ, ಅಲ್ಲಲ್ಲಿ ದಿಣ್ಣೆ ತೋಡಿದಂತೆ ನುಂಗುತ್ತದೆ. ಹಳದಿ ಬಲ್ಬಿನಲ್ಲಿ ಕೆಂಪು ಹೆಚ್ಚು, ಹಗಲ ಬೆಳಕಿನಲ್ಲಿ ನೀಲಿ ಹೆಚ್ಚು, ಟ್ಯೂಬ್‌ಲೈಟಿನಲ್ಲೂ ಎಲ್‌ಇಡಿಯಲ್ಲೂ ಅದರದೇ ಆದ ಏರಿಳಿತ. ಬೆಳಕು ಬದಲಾದಂತೆ ಲೆಕ್ಕ ತಪ್ಪುತ್ತದೆ.

2000ದ ಸುಮಾರಿಗೆ ಬಾಳಿಕೆಯ ದೃಷ್ಟಿಯಿಂದ ಬಣ್ಣದ ದ್ರಾವಣದ ಬದಲು ವರ್ಣದ್ರವ್ಯದ ಪುಡಿಯನ್ನು ತೇಲಿಬಿಟ್ಟ ಶಾಯಿಗಳು ಛಾಯಾಚಿತ್ರದ ಪ್ರಿಂಟರುಗಳಿಗೆ ಬಂದವು. ಬಾಳಿಕೆ ಹೆಚ್ಚಿತು, ಆದರೆ ಮೊದಮೊದಲ ಆ ಶಾಯಿಗಳಲ್ಲಿ ಈ ಹಸಿರು ಕೆಂಪಿನ ಆಟ ಮೊದಲಿಗಿಂತಲೂ ಜೋರಾಯಿತು. ಗೋಡೆಯ ಮೇಲೆ ನೂರು ವರ್ಷ ಉಳಿಯುವುದೆಂದು ಅಚ್ಚುಹಾಕಿದ ಚಿತ್ರ, ಬೆಳಗಿನಿಂದ ಸಂಜೆಯೊಳಗೇ ಬಣ್ಣ ಬದಲಿಸುತ್ತಿತ್ತು!

ಪರಿಹಾರ ಕೇಳಿದರೆ ಸರಳ. ಬಣ್ಣಗಳನ್ನು ಹಿಂದೆ ಸರಿಸಿ, ಬೂದನ್ನು ಬೂದು ಶಾಯಿಯಿಂದಲೇ ಕಟ್ಟಬೇಕು. ಕಪ್ಪು ಶಾಯಿಯನ್ನೇ ತೆಳುಮಾಡಿ ಎರಡು ಮೂರು ದರ್ಜೆಯ ಬೂದು ಶಾಯಿಗಳನ್ನು ಮಾಡಿಕೊಂಡರೆ ಹಣೆಯ ಮೇಲಿನ ಮೆಣಸಿನಪುಡಿಯೂ ಹೋಗುತ್ತದೆ, ಬೆಳಕು ಬದಲಾದಾಗಿನ ಆಟವೂ ಅಡಗುತ್ತದೆ. ಆದರೆ ಈ ಸರಳ ಉತ್ತರ ಅಂಗಡಿಗೆ ಬರಲು ಹದಿನೈದು ವರ್ಷ ಹಿಡಿಯಿತು, ಅದೂ ಕಂಪನಿಗಳಿಗಿಂತ ಮೊದಲು ಹಟಮಾರಿ ಛಾಯಾಗ್ರಾಹಕರ ಕೈಯಿಂದ.

ಗಾಯಕ ಗ್ರಹಾಂ ನ್ಯಾಶ್ ಛಾಯಾಗ್ರಾಹಕನೂ ಹೌದು. ತಾನು ತೆಗೆದ ಕಪ್ಪುಬಿಳುಪು ಭಾವಚಿತ್ರಗಳನ್ನು ಅವನು ಐರಿಸ್ ಎಂಬ ಇಂಕ್‌ಜೆಟ್ ಯಂತ್ರದಲ್ಲಿ ಅಚ್ಚುಹಾಕಿಸಿ 1990ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶಿಸಿದ. ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ನ್ಯಾಶ್ ಎಡಿಷನ್ಸ್ ಎಂಬ ಮುದ್ರಣಶಾಲೆಯನ್ನೇ ತೆರೆದ. ಐರಿಸ್ ಯಂತ್ರವನ್ನು ಮಾಡಿದ್ದು ಅಚ್ಚುಮನೆಗಳು ಬಣ್ಣದ ಪುಟಗಳ ಕರಡು ತೆಗೆದು ನೋಡಲಿ ಎಂದು. ಕರಡು ಹತ್ತು ದಿನ ಉಳಿದರೆ ಸಾಕಲ್ಲವೆ? ಅದರ ಶಾಯಿಗಳೂ ಆ ಲೆಕ್ಕದವೇ. ಕಲೆಯ ಕೆಲಸಕ್ಕೆ ಅವು ಬೇಗ ಮಾಸುತ್ತಿದ್ದವು. ನ್ಯಾಶ್‌ನ ಮೊದಲ ಐರಿಸ್ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ. ವರ್ಮಾಂಟಿನ ಮುದ್ರಣಕಾರ ಜಾನ್ ಕೋನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಪ್ರಿಂಟರಿನಿಂದ ಬಣ್ಣದ ಶಾಯಿಗಳನ್ನೆಲ್ಲ ತೆಗೆದುಹಾಕಿ, ಆ ಸ್ಥಾನಗಳಲ್ಲಿ ಕಪ್ಪಿನಿಂದ ತಿಳಿಬೂದಿನವರೆಗಿನ ಶಾಯಿಗಳನ್ನು ತುಂಬಿದ. 2000ದಲ್ಲಿ ಪೀಜೋಗ್ರಫಿ ಎಂಬ ಹೆಸರಿನಿಂದ ಇದು ಮಾರುಕಟ್ಟೆಗೆ ಬಂತು. ಮುಂದೆ ಶಾಯಿಗಳ ದರ್ಜೆ ಏಳಕ್ಕೇರಿತು. ಯಂತ್ರ ಬಣ್ಣದ್ದು, ಹೊಟ್ಟೆಯೊಳಗೆ ಬಣ್ಣವೇ ಇಲ್ಲ. ಕ್ಯಾಲಿಫೋರ್ನಿಯಾದ ರಾಯ್ ಹ್ಯಾರಿಂಗ್ಟನ್ ಬರೆದ ಕ್ವಾಡ್‌ಟೋನ್ ರಿಪ್ ಎಂಬ ಅಗ್ಗದ ತಂತ್ರಾಂಶವಂತೂ ಯಾವ ಶಾಯಿ ಯಾವ ಮೆಟ್ಟಿಲಿನಲ್ಲಿ ಎಷ್ಟು ಬೀಳಬೇಕೆಂಬ ಅಧಿಕಾರವನ್ನೇ ಬಳಕೆದಾರನ ಕೈಗಿತ್ತಿತು.

ದೊಡ್ಡ ಕಂಪನಿಗಳು ಇದನ್ನು ಕಂಡು ಎಚ್ಚೆತ್ತವೆನ್ನಬೇಕು. ಎಪ್ಸನ್ 2002ರಲ್ಲಿ ಕಪ್ಪಿನ ಜತೆಗೊಂದು ತೆಳುಗಪ್ಪನ್ನು ಸೇರಿಸಿತು. ಎಚ್‌ಪಿ 2003ರಲ್ಲಿ ಬೂದು ಶಾಯಿಗಳ ಪ್ರತ್ಯೇಕ ಕಾರ್ಟ್ರಿಜ್ ತಂದಿತು. 2005ರಲ್ಲಿ ಎಪ್ಸನ್ ಮೂರು ದರ್ಜೆಯ ಕಪ್ಪುಗಳನ್ನು ಒಟ್ಟಿಗೆ ಬಳಸುವ ಕೆ-3 ಶಾಯಿಗಳನ್ನೂ, ಕಪ್ಪುಬಿಳುಪಿಗೆಂದೇ ಒಂದು ಪ್ರತ್ಯೇಕ ಕ್ರಮವನ್ನೂ ಹೊರತಂದಿತು. ಪರದೆಯ ಮೇಲೆ ಒಂದು ವರ್ಣಚಕ್ರ, ಅದರ ನಡುವೆ ಒಂದು ಚುಕ್ಕೆ. ಚುಕ್ಕೆ ನಡುವಿನಲ್ಲಿದ್ದರೆ ಯಾವ ಕಡೆಗೂ ವಾಲದ ಬೂದು, ತುಸು ಹಳದಿಕೆಂಪಿನ ಕಡೆಗೆ ಸರಿಸಿದರೆ ಬೆಚ್ಚಗೆ, ನೀಲಿಯ ಕಡೆಗೆ ಸರಿಸಿದರೆ ತಣ್ಣಗೆ. ಚಿತ್ರವನ್ನು ಹೊರುವುದು ಬೂದು ಶಾಯಿಗಳೇ. ಬಣ್ಣದ ಶಾಯಿಗಳು ಉಪ್ಪಿನಕಾಯಿಯಷ್ಟು ಮಾತ್ರ. ಈಗ ಛಾಯಾಗ್ರಾಹಕರಿಗಾಗಿಯೇ ಮಾಡುವ ಪ್ರಿಂಟರುಗಳಲ್ಲಿ ಬೂದು ಶಾಯಿ ಸಾಮಾನ್ಯ ಸಂಗತಿಯಾಗಿದೆ.

ಬೂದು ಶಾಯಿಯೇ ಇದ್ದ ಮೇಲೆ ಆ ಉಪ್ಪಿನಕಾಯಿ ಏಕೆ ಎಂಬ ಪ್ರಶ್ನೆ ಸಹಜ. ಉತ್ತರ ಮಸಿಯೊಳಗಿದೆ. ವರ್ಣದ್ರವ್ಯದ ಕಪ್ಪು ಶಾಯಿ ಎಂದರೆ ಇಂಗಾಲ, ದೀಪದ ಕುಡಿಯ ಮೇಲೆ ತಟ್ಟೆ ಹಿಡಿದು ಅಜ್ಜಿ ಮಾಡುತ್ತಿದ್ದ ಕಾಡಿಗೆಯ ದಾಯಾದಿ. ಇಂಗಾಲಕ್ಕೂ ಬೆಳ್ಳಿಯ ಹಾಗೆ ಕಣದ ಗಾತ್ರದ ಗುಣವುಂಟು. ಚೀನಾ, ಜಪಾನುಗಳ ಮಸಿ ತಯಾರಕರು ಇದನ್ನು ಶತಮಾನಗಳಿಂದ ಬಲ್ಲರು. ಎಣ್ಣೆದೀಪದ ನುಣುಪು ಮಸಿಯಿಂದ ಮಾಡಿದ ಶಾಯಿ ತೆಳುವಾದಾಗ ಕಂದಿಗೆ ತಿರುಗುತ್ತದೆ. ಪೈನ್ ಮರದ ಹೊಗೆಯ ಒರಟು ಮಸಿ ನೀಲಿಗೆ ತಿರುಗುತ್ತದೆ. ಇಂಕ್‌ಜೆಟ್ಟಿನ ಸೂಜಿಮೊನೆಗಿಂತ ಸಣ್ಣ ರಂಧ್ರದಲ್ಲಿ ಹಾಯಬೇಕಾದ ಇಂಗಾಲದ ಕಣ, ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲಿನ ಆಸುಪಾಸಿನಲ್ಲಿರಬೇಕು. ಅಷ್ಟು ನುಣುಪಾದ ಮಸಿ ಕಂದಾಗದೆ ವಿಧಿಯಿಲ್ಲ. ಬರಿಯ ಇಂಗಾಲದ ಬೂದು ಶಾಯಿಗಳಿಂದ ಅಚ್ಚುಹಾಕಿದ ಚಿತ್ರ ಆದ್ದರಿಂದಲೇ ಬೆಚ್ಚಗಿನ ಕಂದುಗಪ್ಪಾಗಿ ಬರುತ್ತದೆ. ಅದನ್ನು ಸಮಬೂದಿಗೆ ತರಬೇಕಾದರೆ ತುಸು ಸಯಾನ್, ತುಸು ಮೆಜೆಂಟಾ ಅಥವಾ ನೀಲಿ ಬೆರೆಸಲೇಬೇಕು. ಆ ಬೆರಕೆಯಾದರೋ ಇಂಗಾಲದಷ್ಟು ಬಾಳುವುದಿಲ್ಲ. ಕಂದನ್ನು ಒಪ್ಪಿಕೊಂಡು ಆಯುಸ್ಸನ್ನು ಗಳಿಸುವುದೋ, ಸಮಬೂದಿಗಾಗಿ ಆಯುಸ್ಸಿನಲ್ಲಿ ಸ್ವಲ್ಪ ಬಿಟ್ಟುಕೊಡುವುದೋ? ಸಲ್ಫೈಡಿನ ನಾತ ಕುಡಿದ ಹಳೆಯ ಸ್ಟುಡಿಯೋದವನ ಲೆಕ್ಕವೇ ಬೇರೆ ವೇಷದಲ್ಲಿ ಮರಳಿ ಬಂದಿದೆ.

ಶಾಯಿಯಷ್ಟೇ ಮಾತು ಕಾಗದಕ್ಕೂ ಉಂಟು. ಚಿತ್ರದ ಅತ್ಯಂತ ಬೆಳಗಿನ ಭಾಗದಲ್ಲಿ ಶಾಯಿಯೇ ಇರುವುದಿಲ್ಲ, ಅಲ್ಲಿ ಕಾಣುವುದು ಕಾಗದದ ಬಣ್ಣ. ಬಹುತೇಕ ಹೊಳಪು ಕಾಗದಗಳಲ್ಲಿ, ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ನುಂಗಿ ನೀಲಿ ಬೆಳಕನ್ನು ಉಗುಳುವ ಒಂದು ರಾಸಾಯನಿಕವನ್ನು ಬೆರೆಸಿರುತ್ತಾರೆ. ಪಂಚೆಗೆ ಹಾಕುವ ನೀಲಿ ಮಾಡುವ ಕೆಲಸವನ್ನೇ ಇದು ಬೇರೆ ಬಗೆಯಲ್ಲಿ ಮಾಡುತ್ತದೆ. ಹಗಲಿನಲ್ಲಿ ಕಾಗದ ಅತಿ ಬೆಳ್ಳಗೆ ಕಾಣುತ್ತದೆ. ನೇರಳಾತೀತ ಕಿರಣವಿಲ್ಲದ ದೀಪದ ಕೆಳಗೆ ಆ ಬೆಳ್ಳಗು ಮಾಯ. ವರ್ಷಗಳು ಕಳೆದಂತೆ ರಾಸಾಯನಿಕ ಬಳಲಿ, ಕಾಗದ ತನ್ನ ನಿಜವಾದ ಹಳದಿಗೆ ಇಳಿಯುತ್ತದೆ. ಹತ್ತಿಯ ನಾರಿನ ಮಂದ ಕಾಗದ ಮೊದಲಿನಿಂದಲೇ ತುಸು ಕೆನೆಬಣ್ಣದ್ದು, ಆದರೆ ಕೊಟ್ಟ ಮಾತಿಗೆ ತಪ್ಪದು. ಸಮಬೂದು ಶಾಯಿಯನ್ನು ಕೆನೆಬಣ್ಣದ ಕಾಗದದ ಮೇಲೆ ಹಾಕಿದರೆ ನೆರಳು ತಣ್ಣಗೂ ಬೆಳಕು ಬೆಚ್ಚಗೂ ಕಾಣಿಸಿ ಚಿತ್ರ ಎರಡು ಹೋಳಾದಂತೆ ಅನ್ನಿಸುವುದುಂಟು. ಆಗ ಶಾಯಿಯ ಎಳೆಯನ್ನು ಕಾಗದದ ಕಡೆಗೆ ಸ್ವಲ್ಪ ಬಾಗಿಸಬೇಕು.

ಕಪ್ಪಿನ ಆಳವೂ ಕಾಗದದ ಕೈಯಲ್ಲಿದೆ. ಹೊಳಪಿಲ್ಲದ ಕಾಗದದ ಅತಿ ಕಡುಗಪ್ಪು ಕೂಡ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡ 2ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ಒಳ್ಳೆಯ ಹೊಳಪು ಕಾಗದದಲ್ಲಿ ಇದು ಶೇಕಡ ಅರ್ಧಕ್ಕೆ ಇಳಿಯಬಲ್ಲದು. ಅಳತೆಯ ಭಾಷೆಯಲ್ಲಿ ಮೊದಲನೆಯದರ ಸಾಂದ್ರತೆ 1.7, ಎರಡನೆಯದು 2.3. ಹಳೆಯ ಹೊಳಪಿನ ಬೆಳ್ಳಿ ಕಾಗದ 2.1ರ ಆಸುಪಾಸಿನಲ್ಲಿರುತ್ತಿತ್ತು. ಅಂಕಿಗಳ ಅಂತರ ಸಣ್ಣದೆನಿಸಬಹುದು, ಕರಿಯ ಕೋಟು ಬಟ್ಟೆಯಂತೆ ಕಾಣುವುದಕ್ಕೂ ಇದ್ದಿಲ ಪುಡಿ ಬಳಿದಂತೆ ಕಾಣುವುದಕ್ಕೂ ಇರುವ ಅಂತರ ಅದೇ.

ಇನ್ನು ಮೆಟ್ಟಿಲುಗಳ ಕೆಲಸ. ಕಂಪ್ಯೂಟರಿನಲ್ಲಿ ಬಿಳುಪಿನಿಂದ ಕಪ್ಪಿನವರೆಗೆ ಶೇಕಡ ಐದೈದರ ಅಂತರದಲ್ಲಿ 21 ಚೌಕಗಳ ಒಂದು ಪಟ್ಟಿ ಮಾಡಿ, ಅದನ್ನು ಬಳಸಬೇಕಾದ ಕಾಗದದ ಮೇಲೆಯೇ ಅಚ್ಚುಹಾಕಿ ನೋಡುವುದು ಬಲ್ಲವರ ಪದ್ಧತಿ. ಶಾಯಿಯ ಹನಿ ಕಾಗದದಲ್ಲಿ ಹರಡಿಕೊಳ್ಳುವುದರಿಂದ ನಡುವಿನ ಚೌಕಗಳು ಬೇಕಾದ್ದಕ್ಕಿಂತ ಕಪ್ಪಾಗುತ್ತವೆ. ಕೊನೆಯ ಮೂರು ನಾಲ್ಕು ಚೌಕಗಳಂತೂ ಒಂದಾಗಿ, ಯಾವುದು 90, ಯಾವುದು 100 ಎಂದು ಗುರುತಿಸಲಾಗದಂತೆ ಕಲೆತುಹೋಗುತ್ತವೆ. ಕೋಟಿನ ಮಡಿಕೆಗಳು ಇರುವುದು ಆ ಚೌಕಗಳಲ್ಲಿಯೇ, ಕಲೆತರೆ ಕೋಟು ಒಂದು ತೂತಾಗುತ್ತದೆ. ಪ್ರತಿ ಚೌಕವನ್ನೂ ಅಳೆದು, ಎಲ್ಲಿ ಶಾಯಿ ತಗ್ಗಿಸಬೇಕು ಎಲ್ಲಿ ಏರಿಸಬೇಕು ಎಂಬ ತಿದ್ದುಗೆರೆಯನ್ನು ಯಂತ್ರಕ್ಕೆ ಕೊಟ್ಟರೆ ಮೆಟ್ಟಿಲುಗಳು ಸಮವಾಗುತ್ತವೆ. ಅಳೆಯುವ ಉಪಕರಣ ಹೇಳುವ ಅಂಕಿಗಳು ಮೂರು. 1976ರಲ್ಲಿ ಅಂತಾರಾಷ್ಟ್ರೀಯ ಬೆಳಕಿನ ಆಯೋಗ ಗೊತ್ತುಮಾಡಿದ ಕ್ರಮ ಇದು. ಎಲ್ ಎಂಬುದು ಬೆಳಗು, ಸೊನ್ನೆಯಿಂದ 100. ಎ ಎಂಬುದು ಹಸಿರು ಕೆಂಪಿನ ತಕ್ಕಡಿ, ಬಿ ಎಂಬುದು ನೀಲಿ ಹಳದಿಯ ತಕ್ಕಡಿ. ಎರಡು ತಕ್ಕಡಿಗಳೂ ಸೊನ್ನೆಯಲ್ಲಿ ನಿಂತರೆ ಅದು ಸಮಬೂದು. ತಕ್ಕಡಿ ಎರಡು ಅಂಕಿಯಷ್ಟು ಸರಿದರೂ ಪಳಗಿದ ಕಣ್ಣು ಗುರುತಿಸುತ್ತದೆ. ಉಪಕರಣವಿಲ್ಲದವರು ಪಟ್ಟಿಯನ್ನು ಕಿಟಕಿಯ ಬಳಿ ಇಟ್ಟು, ಪಕ್ಕದಲ್ಲಿ ಒಂದು ಹಳೆಯ ಬೆಳ್ಳಿಯ ಪ್ರತಿಯನ್ನಿಟ್ಟು ಕಣ್ಣಿನಿಂದಲೇ ತೂಗುವುದುಂಟು. ಇದೇನೂ ಕೀಳು ವಿಧಾನವಲ್ಲ.

ತಂತ್ರ ಇಷ್ಟು ಕೈವಶವಾದ ಮೇಲೆ ನಿಜವಾದ ಪ್ರಶ್ನೆ ಎದುರಾಗುತ್ತದೆ. ಅಜ್ಜನ ಚಿತ್ರ ಯಾವ ಕಪ್ಪಿನಲ್ಲಿರಬೇಕು? ಪ್ರಿಂಟರಿನ ಪರದೆಯಲ್ಲಿ ಸೆಪಿಯ ಎಂಬ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ನಿನ್ನೆ ಮೊಬೈಲಿನಲ್ಲಿ ತೆಗೆದ ಚಿತ್ರಕ್ಕೂ ನೂರು ವರ್ಷ ವಯಸ್ಸಾಗುತ್ತದೆ. ಹಳೆಯದೆಲ್ಲ ಕಂದು ಎಂಬ ನಂಬಿಕೆ ಈಗ ಎಷ್ಟು ಬಲವಾಗಿದೆಯೆಂದರೆ, ತಣ್ಣನೆಯ ಬ್ರೋಮೈಡ್ ಕಪ್ಪಿನಲ್ಲಿ ಹುಟ್ಟಿದ ಚಿತ್ರಗಳಿಗೂ ಪುಸ್ತಕಗಳಲ್ಲಿ, ಸ್ಮರಣಸಂಚಿಕೆಗಳಲ್ಲಿ ಕಂದು ಬಳಿಯುತ್ತಾರೆ. ಇದು ಚರಿತ್ರೆಗೆ ವೇಷ ಹಾಕಿಸುವ ಕೆಲಸ.

ಕಂದು ಕಂಡ ಮಾತ್ರಕ್ಕೆ ಅದು ಮೂಲದ ಬಣ್ಣವೆಂದೂ ಹೇಳಲಾಗದು. ಸಲ್ಫೈಡಿನಲ್ಲಿ ಅದ್ದಿದ ಕಂದು ಚಿತ್ರದ ಉದ್ದಗಲಕ್ಕೂ ಒಂದೇ ಸಮನಾಗಿ, ನೆರಳಿನ ಆಳ ಕುಂದದೆ ಇರುತ್ತದೆ. ಸ್ಟುಡಿಯೋದವನು ಅವಸರದಲ್ಲಿ ಹೈಪೋವನ್ನು ಸರಿಯಾಗಿ ತೊಳೆಯದೆ ಬಿಟ್ಟಿದ್ದರಿಂದ ಬಂದ ಕಂದು ಹಾಗಲ್ಲ. ಅದು ಹಳದಿಗೆ ತಿರುಗಿದ್ದು, ಅಂಚಿನಲ್ಲೋ ಮೂಲೆಯಲ್ಲೋ ಹೆಚ್ಚಾಗಿ, ಬೆಳಗಿನ ಭಾಗದ ವಿವರಗಳನ್ನು ತಿಂದಿರುತ್ತದೆ. ಮೊದಲನೆಯದು ಮೂಲದವನ ಆಯ್ಕೆ, ಹೊಸ ಪ್ರತಿಯಲ್ಲಿ ಅದನ್ನು ಉಳಿಸಬೇಕು. ಎರಡನೆಯದು ಕಾಯಿಲೆ. ಅದನ್ನು ಉಳಿಸಿ ಅಚ್ಚುಹಾಕುವವನು ಕಾಯಿಲೆಯನ್ನೇ ಮುಖಲಕ್ಷಣವೆಂದು ಬಗೆದಂತಾಗುತ್ತದೆ. ಬಹುಪಾಲು ಸ್ಕ್ಯಾನರುಗಳೂ ಬಹುಪಾಲು ಅಂಗಡಿಗಳೂ ಈ ಎರಡನ್ನು ಬೇರೆ ಮಾಡುವ ಗೋಜಿಗೆ ಹೋಗುವುದಿಲ್ಲ.

ನೆಗೆಟಿವ್ ಇದ್ದರೆ ಕಷ್ಟ ತೀರಿತೆಂದು ತಿಳಿಯುವವರಿದ್ದಾರೆ. ನೆಗೆಟಿವ್ ಮೆಟ್ಟಿಲುಗಳನ್ನು ಹೇಳೀತೇ ಹೊರತು ಬಣ್ಣದ ಎಳೆಯನ್ನು ಹೇಳದು. ಮೈಸೂರಿನ ಟಿ.ಎಸ್. ಸತ್ಯನ್ ಅವರ ಪೀಳಿಗೆಯ ಛಾಯಾಗ್ರಾಹಕರ ನೆಗೆಟಿವ್‌ಗಳು ಇಂದು ಸ್ಕ್ಯಾನರಿನ ಮೂಲಕ ಶಾಯಿಗೆ ಇಳಿಯುವಾಗ, ಅವರ ಕಪ್ಪು ಬೆಚ್ಚಗಿತ್ತೋ ತಣ್ಣಗಿತ್ತೋ ಎಂಬುದಕ್ಕೆ ಸಾಕ್ಷಿ ಹೇಳಬಲ್ಲದ್ದು ಆ ಕಾಲದಲ್ಲಿ ಅವರೇ ತೆಗೆದೋ ತೆಗೆಸಿಯೋ ಒಪ್ಪಿದ ಬೆಳ್ಳಿಯ ಪ್ರತಿಯೊಂದೇ. ಅಂಥ ಪ್ರತಿ ಕೈತಪ್ಪಿದರೆ ಉಳಿಯುವುದು ಊಹೆ.

ಆದ್ದರಿಂದ ಅಜ್ಜನ ಚಿತ್ರದ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಬೇಕು. ಕಟ್ಟಿನ ಅಂಚಿನ ಕೆಳಗೆ, ಬೆಳಕು ಬೀಳದೆ ಉಳಿದ ಬೆರಳಗಲದ ಪಟ್ಟಿಯನ್ನು ಮೊದಲು ನೋಡಬೇಕು. ಮೂಲದ ಕಪ್ಪು ಎಲ್ಲಾದರೂ ಬದುಕಿದ್ದರೆ ಅಲ್ಲಿ. ಸ್ಕ್ಯಾನನ್ನು ಬಣ್ಣದಲ್ಲಿಯೇ ತೆಗೆದು ಒಂದು ಪ್ರತಿಯನ್ನು ಮುಟ್ಟದೆ ಇಟ್ಟುಕೊಂಡು, ಇನ್ನೊಂದರಲ್ಲಿ ಬಣ್ಣ ಕಳೆದು ಮೆಟ್ಟಿಲುಗಳನ್ನು ಸರಿಪಡಿಸಬೇಕು. ಬೂದು ಶಾಯಿಗಳಿರುವ ಯಂತ್ರವನ್ನು ಕೇಳಿ ಹುಡುಕಬೇಕು. ದೊಡ್ಡ ಪ್ರತಿಗೆ ಮುನ್ನ ಅಂಗೈಯಗಲದ ನಾಲ್ಕು ತುಂಡುಗಳನ್ನು, ಒಂದೊಂದರಲ್ಲೂ ಬಣ್ಣದ ಎಳೆಯನ್ನು ಸ್ವಲ್ಪ ಸರಿಸಿ ತೆಗೆಸಬೇಕು. ಶಾಯಿ ಆರುವಾಗಲೂ ಬಣ್ಣ ಕದಲುವುದರಿಂದ ಒಂದು ದಿನ ಕಾಯುವುದು ಒಳ್ಳೆಯದು. ಆಮೇಲೆ ಆ ತುಂಡುಗಳನ್ನು ಅಂಗಡಿಯ ದೀಪದ ಕೆಳಗಲ್ಲ, ಚಿತ್ರ ತೂಗಬೇಕಾದ ಪಡಸಾಲೆಯ ಗೋಡೆಗೇ ಅಂಟಿಸಿ ಬೆಳಿಗ್ಗೆ ಒಮ್ಮೆ, ದೀಪ ಹಚ್ಚಿದ ಮೇಲೆ ಒಮ್ಮೆ ನೋಡಬೇಕು. ಯಾವ ತುಂಡು ಎರಡು ಹೊತ್ತಿನಲ್ಲೂ ಸುಮ್ಮನಿರುತ್ತದೋ ಅದನ್ನು ಅಜ್ಜಿಗೆ ತೋರಿಸಬಹುದು. ಒಪ್ಪಿದ ಪ್ರತಿಯ ಬೆನ್ನಿಗೆ ಶಾಯಿ, ಕಾಗದ, ವರ್ಣಚಕ್ರದ ಚುಕ್ಕೆ ನಿಂತ ಜಾಗ, ತಾರೀಖು ಇಷ್ಟನ್ನು ಪೆನ್ಸಿಲಿನಲ್ಲಿ ಬರೆದಿಟ್ಟು, ಬೂಷ್ಟು ಹಿಡಿದ ಹಳೆಯ ಪ್ರತಿಯನ್ನು ಒಣಗಿಸಿ ಕಾಗದದ ಲಕೋಟೆಯಲ್ಲಿ ಹಾಕಿ ಕಪಾಟಿನಲ್ಲಿಡಬೇಕು. ಮುಂದಿನ ಸಲ ಅಚ್ಚುಹಾಕುವವನು ಮೊದಲು ಕೇಳುವುದು ಅದನ್ನೇ.